ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಪ್ನಿಗಳ ಕಡೆ ಹೋಗೋಕೆ ಸರ್ಕಾರಿ ಉದ್ಯೋಗ ಕೇಂದ್ರದಲ್ಲಿ ಒಂದು ಹೊಸ ಹುದ್ದೆ

ಪ್ರಶ್ನೆ: ಸರ್, ನಾನು ಸರ್ಕಾರಿ ಉದ್ಯೋಗ ಕೇಂದ್ರ ಒಂದರಲ್ಲಿ ಕೆಲ್ಸ ಮಾಡ್ತಿದೀನಿ. ಇಷ್ಟು ದಿನ ಕೆಲ್ಸ ಹುಡ್ಕೋರು ಬರೋದು, ಹೆಸರು ನೋಂದಾಯಿಸೋದು, ನಾವು ಖಾಲಿ ಹುದ್ದೆ ಪಟ್ಟಿ ತೋರ್ಸೋದು, ಇಷ್ಟೇ ನಡೀತಿತ್ತು. ಈಗ ಮೇಲಿನವ್ರು ಸುತ್ತಮುತ್ತಲಿನ ಕಾರ್ಖಾನೆ, ಆಸ್ಪತ್ರೆ, ಅಂಗಡಿ, ಸಣ್ಣ ಕಂಪ್ನಿಗಳ ಜೊತೆ ಕೆಲ್ಸ ಮಾಡೋಕೆ ಅಂತಲೇ ಒಂದು ಹೊಸ ಹುದ್ದೆ ಮಾಡೋಣ ಅಂತಿದಾರೆ, ಅದರ ಜಾಬ್ ಡಿಸ್ಕ್ರಿಪ್ಷನ್ ಬರ್ಯೋದು ನನ್ನ ಪಾಲಿಗೆ ಬಂದಿದೆ. ಮಾದರಿಗಳನ್ನ ನೋಡಿದ್ರೆ ಎಲ್ಲಾ ಒಂದೇ ಥರ, ‘ಉದ್ಯೋಗದಾತರೊಂದಿಗೆ ಉತ್ತಮ ಸಂಬಂಧ ಬೆಳೆಸುವುದು’ ಅಂತ. ನಿಜವಾಗ್ಲೂ ಏನ್ ಬರೀಬೇಕು?

ಉತ್ತರ: ಆ ಸಾಲನ್ನ ಮೊದ್ಲು ತೆಗೆದು ಹಾಕಿ. ಸಂಬಂಧ ಬೆಳೆಸೋದು ಅಂದ್ರೆ ಸೋಮವಾರ ಬೆಳಗ್ಗೆ ಆ ಮನುಷ್ಯ ಎದ್ದು ಏನ್ ಮಾಡ್ಬೇಕು ಅಂತ ಯಾರಿಗೂ ತಿಳಿಯಲ್ಲ, ಕೊನೆಗೆ ಕೈಪಿಡಿ ಹಂಚ್ಕೊಂಡು, ವಿಸಿಟಿಂಗ್ ಕಾರ್ಡ್ ಕೊಟ್ಕೊಂಡು, ಉದ್ಯೋಗ ಮೇಳದಲ್ಲಿ ಕುರ್ಚಿ ಹಾಕ್ಸೋ ಕೆಲ್ಸ ಆಗ್ಬಿಡತ್ತೆ. ಅಂಥ ಹುದ್ದೆಗಳು ವರ್ಷ ಎರಡು ವರ್ಷದಲ್ಲಿ ಸೊರಗಿ ಹೋಗೋದನ್ನ ನಾನು ನೋಡಿದೀನಿ, ಆಮೇಲೆ ‘ಕಂಪ್ನಿಯವ್ರಿಗೆ ನಮ್ಮ ಆಫೀಸು ಬೇಕಾಗಿಲ್ಲ’ ಅಂತ ಷರಾ ಬರೆದು ಮುಚ್ಚಿಬಿಡ್ತಾರೆ. ಕಂಪ್ನಿಯವ್ರಿಗೆ ಬೇಕಾಗಿತ್ತು, ಆದ್ರೆ ಅವ್ರ ಮಾತು ಕೇಳಿಸ್ಕೊಳ್ಳೋ ಅಧಿಕಾರ ಇರೋರು ಯಾರೂ ಹೋಗ್ಲಿಲ್ಲ.

ಈ ಹುದ್ದೆಯ ಅಸಲು ಕೆಲ್ಸ ಒಂದೇ: ಕಾಗದದ ಮೇಲಿರೋ ಖಾಲಿ ಹುದ್ದೆಗೂ ಅಲ್ಲಿ ನಿಜವಾಗಿ ನಡೆಯೋ ಕೆಲ್ಸಕ್ಕೂ ಇರೋ ವ್ಯತ್ಯಾಸ ಕಂಡುಹಿಡಿಯೋದು. ಮಿಕ್ಕಿದ್ದೆಲ್ಲ ಅದರ ಹಿಂದೆ ಬರತ್ತೆ.

ಒಂದು ಉದಾಹರಣೆ ನೋಡಿ. ಒಂದು ಫಾರ್ಮ್ ಬರತ್ತೆ: ‘ಪ್ಯಾಕಿಂಗ್ ಹೆಲ್ಪರ್, 6 ಜನ, 2 ವರ್ಷ ಅನುಭವ, ತಕ್ಷಣ ಬೇಕು.’ ಆಫೀಸಲ್ಲಿ ಕೂತ್ಕೊಂಡು ಹುಡುಕಿದ್ರೆ ಪ್ಯಾಕಿಂಗ್ ಅನುಭವ ಇರೋರು ನಾಲ್ಕೈದು ಜನ ಸಿಗ್ತಾರೆ, ಕಳಿಸ್ತೀರಿ, ಇಬ್ರು ಸೇರ್ತಾರೆ, ತಿಂಗ್ಳು ತುಂಬೋದ್ರೊಳಗೆ ಅವ್ರೂ ಬಿಡ್ತಾರೆ, ಕಂಪ್ನಿಯವ್ರು ‘ನೀವು ಕಳ್ಸೋರು ನಿಲ್ಲಲ್ಲ’ ಅಂತಾರೆ. ಅದೇ ನಿಮ್ಮ ಅಧಿಕಾರಿ ಎರಡನೇ ಶಿಫ್ಟ್ ಶುರುವಾಗೋ ಹೊತ್ತಿಗೆ ಹೋಗಿ ಪ್ಯಾಕಿಂಗ್ ಲೈನ್ ಪಕ್ಕ ಅರ್ಧ ಗಂಟೆ ನಿಂತ್ಕೊಂಡ್ರೆ ಬೇರೆಯದೇ ಕಾಣತ್ತೆ. ಲೈನ್ ಸೂಪರ್‌ವೈಸರ್‌ನ ಕೇಳಿದ್ರೆ ಅನುಭವ ಏನೂ ಬೇಡ ಸರ್, ಡಬ್ಬದ ಮೇಲಿನ ಬ್ಯಾಚ್ ನಂಬರ್ರು, ಎಕ್ಸ್‌ಪೈರಿ ಡೇಟು ಓದಿ ಶೀಟ್ ಜೊತೆ ತಾಳೆ ನೋಡೋಕೆ ಬಂದ್ರೆ ಸಾಕು, ಉಳಿದದ್ದು ಎರಡು ದಿನದಲ್ಲಿ ನಾನೇ ಕಲಿಸ್ತೀನಿ ಅಂತಾರೆ. ಹಾಗಾದ್ರೆ 2 ವರ್ಷ ಅನುಭವ ಅಂತ ಯಾಕೆ ಬರ್ದಿದಾರೆ? ಯಾವತ್ತೋ ಬೇರೆ ಹುದ್ದೆಗೆ ಮಾಡಿದ್ದ ಫಾರ್ಮನ್ನ ಎಚ್‌ಆರ್‌ನವ್ರು ಕಾಪಿ ಮಾಡಿದಾರೆ, ಅಷ್ಟೇ. ಇನ್ನೊಂದು ವಿಷ್ಯ ಅಲ್ಲೇ ಗೊತ್ತಾಗತ್ತೆ, ಹಿಂದೆ ಬಿಟ್ಟೋದವ್ರೆಲ್ಲ ಎರಡನೇ ಶಿಫ್ಟಿನವ್ರು, ಶಿಫ್ಟ್ ಮುಗಿಯೋದು ರಾತ್ರಿ 11ಕ್ಕೆ, ಕೊನೇ ಬಸ್ಸು ಅಷ್ಟೊತ್ತಿಗೆ ಹೋಗಿರತ್ತೆ. ಈಗ ಸಮಸ್ಯೆ ಜನ ಸಿಗ್ದೇ ಇರೋದಲ್ಲ, ಶಿಫ್ಟ್ ಟೈಮು. ಅರ್ಧ ಗಂಟೆ ಮುಂಚೆ ಶಿಫ್ಟ್ ಬಿಡೋಕೆ ಆಗತ್ತಾ, ಇಲ್ಲಾ ಒಂದು ವ್ಯಾನ್ ಹಾಕ್ಸೋಕೆ ಆಗತ್ತಾ ಅಂತ ಮ್ಯಾನೇಜರ್ ಹತ್ರ ಕೂತು ಮಾತಾಡೋದು, ಅನುಭವದ ಷರತ್ತು ತೆಗ್ಸೋದು, ಆಮೇಲೆ ಆ ಕಡೆ ಮನೆ ಇರೋ, ಓದೋಕೆ ಬರೋ ಹತ್ತು ಜನರನ್ನ ಹುಡುಕಿ ಕಳ್ಸೋದು, ಇದು ಸೇವೆ. ಇದನ್ನ ಪೋರ್ಟಲ್ ಮಾಡಲ್ಲ.

ಹಾಗಾಗಿ ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಮೊದಲ್ನೇ ಕರ್ತವ್ಯ ಅಂತ ಇದನ್ನೇ ಬರೀರಿ: ಪ್ರತಿ ಹೊಸ ಉದ್ಯೋಗದಾತರ ಕೆಲಸದ ಜಾಗ ನೋಡ್ಬೇಕು, ಆ ಕೆಲ್ಸದ ಮೇಲ್ವಿಚಾರಕರ ಜೊತೆ ಮಾತಾಡ್ಬೇಕು, ಎಚ್‌ಆರ್ ಜೊತೆ ಮಾತ್ರ ಅಲ್ಲ, ಕೆಲ್ಸದ ನಿಜವಾದ ವಿವರವನ್ನ ಒಂದು ಪುಟದಲ್ಲಿ ಬರೆದು ಆಫೀಸಲ್ಲಿ ಎಲ್ರಿಗೂ ಸಿಗೋ ಹಾಗೆ ಇಡ್ಬೇಕು. ಆ ಕೊನೇದು ಬಹಳ ಮುಖ್ಯ, ಯಾಕಂದ್ರೆ ಈ ಹುದ್ದೆಯ ದೊಡ್ಡ ಅಪಾಯ ಏನಂದ್ರೆ ಎಲ್ಲಾ ಪರಿಚಯ ಒಬ್ಬರ ಫೋನಲ್ಲಿ ಉಳ್ಕೊಳ್ಳೋದು, ಅವ್ರು ವರ್ಗ ಆಗಿ ಹೋದ ದಿನ ಐದು ವರ್ಷದ ದುಡಿಮೆ ಅವ್ರ ಜೊತೆ ಹೋಗ್ಬಿಡತ್ತೆ.

ಎರಡನೇದು ಅಧಿಕಾರ. ಜಾಬ್ ಡಿಸ್ಕ್ರಿಪ್ಷನ್ ಬರೆಯೋರು ಕರ್ತವ್ಯಗಳನ್ನ ಹದಿನೈದು ಬರೀತಾರೆ, ಅಧಿಕಾರ ಒಂದೂ ಬರ್ಯಲ್ಲ. ತರಬೇತಿಗೆ ಸಹಾಯಧನ ಕೊಡೋ ಯೋಜನೆ ನಿಮ್ಮಲ್ಲಿ ಇದ್ರೆ, ಇಷ್ಟರ ತನಕ ಇವ್ರೇ ಒಪ್ಪಿಗೆ ಕೊಡ್ಬಹುದು ಅಂತ ಇರ್ಲಿ. ಅಮೆರಿಕದಲ್ಲಿ 2014ರ ಉದ್ಯೋಗ ತರಬೇತಿ ಕಾಯ್ದೆ ಪ್ರಕಾರ ಹೊಸಬರನ್ನ ತಗೊಂಡು ಕೆಲ್ಸದಲ್ಲೇ ಕಲಿಸೋ ಮಾಲೀಕರಿಗೆ ಆ ಅವಧಿಯ ಸಂಬಳದಲ್ಲಿ ಸಾಮಾನ್ಯವಾಗಿ ಶೇ. 50ರ ತನಕ, ಕೆಲವು ಸಂದರ್ಭದಲ್ಲಿ ಶೇ. 75ರ ತನಕ ವಾಪಸ್ ಕೊಡೋಕೆ ಅವಕಾಶ ಇದೆ, ಕಲಿಸೋದ್ರಲ್ಲಿ ಆಗೋ ಹೆಚ್ಚುವರಿ ಖರ್ಚಿಗೆ ಅಂತ. ಅದು ಒಳ್ಳೇ ಸಾಧನ, ಆದ್ರೆ ಮಾಲೀಕರ ಎದುರು ಕೂತಿರೋ ಅಧಿಕಾರಿ ‘ಫೈಲ್ ಮೇಲೆ ಕಳಿಸ್ತೀನಿ, ಎರಡು ತಿಂಗ್ಳು ಆಗ್ಬಹುದು’ ಅಂದ್ರೆ ಆ ಸಾಧನದಿಂದ ಏನೂ ಉಪಯೋಗ ಇಲ್ಲ, ಯಾಕಂದ್ರೆ ಅವ್ರಿಗೆ ಜನ ಬೇಕಿರೋದು ಮುಂದಿನ ವಾರ.

ಮೂರನೇದು ಹಂಚಿಕೆ. ಎಲ್ಲಾ ಉದ್ಯಮಕ್ಕೂ ಒಬ್ರೇ ಅಂತ ಮಾಡ್ಬೇಡಿ, ಅನಿವಾರ್ಯವಾಗಿ ಒಬ್ರೇ ಇದ್ರೆ ಮೊದಲ ವರ್ಷ ಎರಡು ಮೂರು ವಲಯ ಆರಿಸ್ಕೊಳ್ಳಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1948ರಲ್ಲಿ ಮಾಡಿದ ಉದ್ಯೋಗ ಸೇವೆಯ ಒಪ್ಪಂದದಲ್ಲೇ, ಅದು 88ನೇ ಒಪ್ಪಂದ, ವೃತ್ತಿವಾರು ಮತ್ತು ಉದ್ಯಮವಾರು ಪರಿಣತಿ ಬೆಳೆಸ್ಬೇಕು ಅಂತ ಇದೆ, ಮಾಲೀಕರು ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮ ಸಂಖ್ಯೆಯಲ್ಲಿರೋ ಸಲಹಾ ಸಮಿತಿ ಇರ್ಬೇಕು ಅಂತಲೂ ಇದೆ. ಜರ್ಮನಿಯ ಕೇಂದ್ರ ಉದ್ಯೋಗ ಸಂಸ್ಥೆಯಲ್ಲಿ ಮಾಲೀಕರ ಸೇವೆಗೇ ಬೇರೆ ತಂಡಗಳಿವೆ, ಕೆಲ್ಸ ಹುಡ್ಕೋರ ಸಲಹೆಗಾರರು ಬೇರೆ. ಇದ್ರಲ್ಲಿ ಒಂದು ತೊಂದ್ರೆ ಇದೆ, ಎರಡೂ ತಂಡ ಮಾತಾಡ್ಕೊಳ್ದೇ ಇದ್ರೆ ಒಬ್ರ ಹತ್ರ ಕೆಲ್ಸ ಇರತ್ತೆ, ಇನ್ನೊಬ್ರ ಹತ್ರ ಜನ ಇರ್ತಾರೆ, ನಡುವೆ ಗೋಡೆ. ಹಾಗಾಗಿ ವಾರಕ್ಕೊಂದ್ಸಲ ಇಬ್ರೂ ಒಂದೇ ಮೇಜಿನ ಸುತ್ತ ಕೂತು ‘ಈ ಹುದ್ದೆ, ಈ ವ್ಯಕ್ತಿ’ ಅಂತ ಒಂದೊಂದಾಗಿ ಮಾತಾಡೋದು ಈ ಹುದ್ದೆಯ ಕರ್ತವ್ಯ ಅಂತ ಬರೆದೇ ಬಿಡಿ.

ಇನ್ನು ಟಾರ್ಗೆಟ್. ದಯವಿಟ್ಟು ‘ತಿಂಗಳಿಗೆ ಇಷ್ಟು ಭೇಟಿ’ ಅಂತ ಮಾತ್ರ ಇಡ್ಬೇಡಿ. ಭೇಟಿ ಲೆಕ್ಕ ಕೇಳಿದ್ರೆ ಭೇಟಿಗಳೇ ಆಗ್ತವೆ, ಗೇಟ್ ಹತ್ರ ಸೆಕ್ಯುರಿಟಿಯವ್ರಿಗೆ ಕಾರ್ಡ್ ಕೊಟ್ಟು ಬಂದಿದ್ದೂ ಒಂದು ಭೇಟಿ ಆಗತ್ತೆ. ನಾನಾದ್ರೆ ನಾಲ್ಕು ಲೆಕ್ಕ ಇಡ್ತೀನಿ, ಬಂದ ಹುದ್ದೆಗಳಲ್ಲಿ ಎಷ್ಟು ತುಂಬಿದ್ವು, ತುಂಬೋಕೆ ಎಷ್ಟು ದಿನ ಹಿಡೀತು, ಸೇರಿದವ್ರಲ್ಲಿ ಆರು ತಿಂಗ್ಳಾದ ಮೇಲೂ ಎಷ್ಟು ಜನ ಅದೇ ಕಡೆ ಇದಾರೆ, ಮತ್ತೆ ಒಂದ್ಸಲ ಬಂದ ಮಾಲೀಕರಲ್ಲಿ ಎಷ್ಟು ಜನ ಎರಡನೇ ಸಲ ಬಂದ್ರು. ಅಮೆರಿಕದವ್ರು ಮಾಲೀಕರಿಗೆ ಸೇವೆ ಹೇಗಿದೆ ಅಂತ ಅಳೆಯೋಕೆ ಹಲವು ದಾರಿಗಳನ್ನ ಪ್ರಯೋಗ ಮಾಡಿ ನೋಡಿ 2024ರಲ್ಲಿ, ಸೇರಿದವ್ರು ಅದೇ ಮಾಲೀಕರ ಹತ್ರ ಉಳಿದ್ರಾ ಅನ್ನೋದನ್ನೇ ಅಳತೆ ಅಂತ ನಿಯಮ ಮಾಡಿದ್ರು. ಅದೊಂದೇ ಇದ್ರೂ ಸಾಲ್ದು ಅಂತ ನನ್ನ ಅಭಿಪ್ರಾಯ, ಒಳ್ಳೇ ಸಂಬಳಕ್ಕೆ ಬೇರೆ ಕಡೆ ಹೋದವ್ರನ್ನ ಸೋಲು ಅಂತ ಲೆಕ್ಕ ಹಾಕೋದು ಅನ್ಯಾಯ, ಆದ್ರೆ ಭೇಟಿ ಲೆಕ್ಕಕ್ಕಿಂತ ನೂರು ಪಾಲು ಮೇಲು.

ಕೊನೇದಾಗಿ, ಈ ಹುದ್ದೆಗೆ ಓಡಾಟದ ಭತ್ಯೆ ಬಜೆಟ್‌ನಲ್ಲಿ ಇದೆಯಾ ನೋಡ್ಕೊಳ್ಳಿ. ಹೊರಗೆ ಓಡಾಡೋ ಹುದ್ದೆ ಮಾಡಿ, ಓಡಾಟಕ್ಕೆ ದುಡ್ಡು ಇಡ್ದೇ ಇದ್ರೆ ಅವ್ರು ಆಫೀಸಲ್ಲೇ ಕೂರ್ತಾರೆ, ಅವ್ರಿಗೆ ಬೇರೆ ಸೆಕ್ಷನ್ ಕೆಲ್ಸ ಒಂದೊಂದಾಗಿ ಬಂದು ಸೇರ್ಕೊಳ್ಳತ್ತೆ. ಅಂದಹಾಗೆ ‘ಇತರೆ ವಹಿಸಿದ ಕೆಲಸಗಳು’ ಅನ್ನೋ ಸಾಲಿಗೆ ಒಂದು ಮಿತಿ ಹಾಕಿ, ವಾರದಲ್ಲಿ ಕನಿಷ್ಠ ಮೂರು ದಿನ ಹೊರಗಿನ ಕೆಲ್ಸಕ್ಕೇ ಮೀಸಲು ಅಂತ.

ಪ್ರಶ್ನೆ: ಈ ಹುದ್ದೆಗೆ ಏನ್ ಹೆಸರಿಟ್ರೆ ಚೆನ್ನಾಗಿರತ್ತೆ?

ಉತ್ತರ: ಉದ್ಯೋಗದಾತರ ಸೇವಾ ಅಧಿಕಾರಿ. ಫೋನ್ ಎತ್ತಿದ ರಿಸೆಪ್ಷನಿಸ್ಟ್‌ಗೆ ಒಂದೇ ಸಲಕ್ಕೆ ಅರ್ಥ ಆಗ್ಬೇಕು, ಅಷ್ಟೇ. ಇನ್‌ಸ್ಪೆಕ್ಟರ್ ಅನ್ನೋ ಪದ ಮಾತ್ರ ಎಲ್ಲೂ ಬರೋದು ಬೇಡ, ತಪಾಸಣೆಗೆ ಬಂದಿದಾರೆ ಅಂದ್ಕೊಂಡು ಬಾಗಿಲು ಮುಚ್ಕೊಳ್ತಾರೆ.

ಪ್ರಶ್ನೆ: ಜನರ ತೆರಿಗೆ ದುಡ್ಡಲ್ಲಿ ಖಾಸಗಿ ಕಂಪ್ನಿಗಳಿಗೆ ಪುಕ್ಸಟ್ಟೆ ಎಚ್‌ಆರ್ ಕೆಲ್ಸ ಮಾಡ್ಕೊಡೋದು ಯಾವ ನ್ಯಾಯ ಸರ್? ಕೆಲ್ಸ ಇಲ್ದೇ ಒದ್ದಾಡ್ತಿರೋರಿಗೆ ಇನ್ನೊಬ್ಬ ಸಲಹೆಗಾರರನ್ನ ಕೊಡ್ಬಹುದಲ್ವಾ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥ ಆಗತ್ತೆ, ಈ ಪ್ರಶ್ನೆ ಕೇಳೋರು ಇರ್ಲೇಬೇಕು. ಆದ್ರೆ ಒಂದ್ಸಲ ಕೆಲ್ಸ ಹುಡುಕ್ತಿರೋರ ಕಡೆಯಿಂದ ಯೋಚ್ನೆ ಮಾಡಿ. ಸಲಹೆಗಾರರು ಎಷ್ಟೇ ಒಳ್ಳೇವ್ರಾಗಿದ್ರೂ ಅವ್ರ ಕೈಲಿ ಕೊಡೋಕೆ ಕೆಲ್ಸ ಇಲ್ಲ ಅಂದ್ರೆ ರೆಸ್ಯೂಮೆ ತಿದ್ದೋದು ಬಿಟ್ಟು ಏನ್ ಮಾಡ್ತಾರೆ? ಹತ್ತನೇ ಕ್ಲಾಸ್ ಓದಿ ನಿಲ್ಸಿದ ಹುಡುಗಿ, ಐವತ್ತು ದಾಟಿ ಕೆಲ್ಸ ಕಳ್ಕೊಂಡವ್ರು, ಅಂಗವೈಕಲ್ಯ ಇರೋರು, ಜೈಲಿಂದ ಬಂದವ್ರು, ಇವ್ರ ಅರ್ಜಿ ಸಾಮಾನ್ಯವಾಗಿ ಮೊದಲ ಸುತ್ತಲ್ಲೇ ಪಕ್ಕಕ್ಕೆ ಹೋಗತ್ತೆ. ‘ಒಂದ್ಸಲ ಇವ್ರನ್ನ ಕರ್ದು ಮಾತಾಡ್ಸಿ, ಜವಾಬ್ದಾರಿ ನಂದು’ ಅಂತ ಮ್ಯಾನೇಜರ್‌ಗೆ ಹೇಳೋಕೆ ಯಾರಾದ್ರೂ ಇರ್ಬೇಕು, ಆ ಮಾತಿಗೆ ಬೆಲೆ ಇರ್ಬೇಕು ಅಂದ್ರೆ ಅದೇ ಮ್ಯಾನೇಜರ್‌ಗೆ ಹಿಂದೆ ನಾಲ್ಕು ಸಲ ಸರಿಯಾದ ಜನ ಕಳ್ಸಿರ್ಬೇಕು. ಮಾಲೀಕರಿಗೆ ಮಾಡೋ ಸೇವೆ ಇವ್ರ ಸಲುವಾಗಿನೇ.

ಹಾಗಂತ ಕಂಪ್ನಿ ಕೇಳಿದ್ದೆಲ್ಲ ಮಾಡ್ಕೊಡೋ ಹುದ್ದೆ ಆಗ್ಬಾರ್ದು, ಅದಕ್ಕೆ ನಿಯಮ ಬರವಣಿಗೆಯಲ್ಲಿ ಇರ್ಬೇಕು. ಇದು ಇವತ್ತಿನ ಚಿಂತೆ ಅಲ್ಲ. ಬ್ರಿಟನ್‌ನಲ್ಲಿ 1909ರಲ್ಲಿ ಕಾಯ್ದೆ ಮಾಡಿ 1910ರ ಫೆಬ್ರವರಿಯಲ್ಲಿ ಸರ್ಕಾರಿ ಉದ್ಯೋಗ ವಿನಿಮಯ ಕೇಂದ್ರಗಳನ್ನ ತೆರೆದಾಗ, ಆಗ ವಿನ್‌ಸ್ಟನ್ ಚರ್ಚಿಲ್ ಆ ಖಾತೆಯ ಮಂತ್ರಿ, ವಿಲಿಯಂ ಬೆವರಿಜ್ ಕೇಂದ್ರಗಳ ಹೊಣೆ ಹೊತ್ತವ್ರು, ಕಾರ್ಮಿಕ ಸಂಘಗಳಿಗೆ ಇದೇ ಭಯ ಇತ್ತು, ಮುಷ್ಕರ ಮುರಿಯೋಕೆ, ಕೂಲಿ ಇಳ್ಸೋಕೆ ಈ ಕೇಂದ್ರಗಳನ್ನ ಬಳಸ್ಕೊಳ್ತಾರೆ ಅಂತ. ಅದಕ್ಕೆ ಕಾಯ್ದೆಯಲ್ಲೇ ಒಂದು ಮಾತು ಸೇರ್ಸಿದ್ರು, ಮುಷ್ಕರ ನಡೀತಿದೆ ಅಂತಲೋ, ಆ ಕಸುಬಿನ ಚಾಲ್ತಿ ಕೂಲಿಗಿಂತ ಕಮ್ಮಿ ಕೊಡ್ತಿದಾರೆ ಅಂತಲೋ ಯಾರಾದ್ರೂ ಕೆಲ್ಸ ಒಲ್ಲೆ ಅಂದ್ರೆ ಅವ್ರಿಗೆ ಯಾವ ತೊಂದ್ರೆನೂ ಆಗ್ಬಾರ್ದು ಅಂತ. ಅಮೆರಿಕದ ಸರ್ಕಾರಿ ಉದ್ಯೋಗ ಸೇವೆಯಲ್ಲಿ ಇವತ್ತಿಗೂ ಮುಷ್ಕರದಿಂದ ಖಾಲಿ ಆದ ಹುದ್ದೆಗೆ ಜನ ಕಳ್ಸೋ ಹಾಗಿಲ್ಲ.

ಈ ಹುದ್ದೆಯಲ್ಲಿರೋರಿಗೆ ಇಲ್ಲ ಅನ್ನೋ ಹಕ್ಕು ಬೇಕೇ ಬೇಕು. ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಡೋ ಕಡೆ ಇಲ್ಲ. ‘ಈ ಜಾತಿಯವ್ರು ಬೇಡ, ಮದ್ವೆ ಆದ ಹೆಂಗಸ್ರು ಬೇಡ’ ಅನ್ನೋರಿಗೆ ಇಲ್ಲ. ಮೂರು ತಿಂಗ್ಳಿಗೊಮ್ಮೆ ಹಳಬ್ರನ್ನ ತೆಗೆದು ಸಹಾಯಧನಕ್ಕೋಸ್ಕರ ಹೊಸಬ್ರನ್ನ ತಗೊಳ್ಳೋರಿಗೆ ಎಲ್ರಿಗಿಂತ ಮೊದಲು ‘ಇಲ್ಲ’ ಅನ್ಬೇಕು, ಇಂಥವ್ರನ್ನ ನಾನು ಕಣ್ಣಾರೆ ಕಂಡಿದೀನಿ, ರಿಜಿಸ್ಟರ್ ನೋಡಿದ್ರೆ ಒಂದೇ ಹುದ್ದೆ ಹೆಸರಲ್ಲಿ ವರ್ಷಕ್ಕೆ ನಾಲ್ಕು ನಾಲ್ಕು ಜನ. ಅಧಿಕಾರಿ ಇಲ್ಲ ಅಂದಾಗ ಮೇಲಿನವ್ರು ಅವ್ರ ಬೆನ್ನಿಗೆ ನಿಲ್ಬೇಕು, ಕಂಪ್ನಿ ದೊಡ್ಡದು ಅಂತ ಫೋನ್ ಮಾಡಿ ಒತ್ತಡ ಹಾಕ್ಬಾರ್ದು.

ಪ್ರಶ್ನೆ: ನಂದೊಂದು ಸಣ್ಣ ಫ್ಯಾಕ್ಟರಿ, ನಲ್ವತ್ತು ಜನ ಇದೀವಿ, ಎಚ್‌ಆರ್ ಅಂತ ಯಾರೂ ಇಲ್ಲ, ನಾನೇ ಎಲ್ಲಾ. ಹಿಂದೆ ಒಂದ್ಸಲ ಸರ್ಕಾರಿ ಕೇಂದ್ರಕ್ಕೆ ಖಾಲಿ ಹುದ್ದೆ ಕಳ್ಸಿದ್ದೆ, ಅವ್ರು ಕಳ್ಸಿದ್ದು ಪಟ್ಟಿ, ಫೋನ್ ಮಾಡಿದ್ರೆ ಅರ್ಧ ಜನ ಬೇರೆ ಕೆಲ್ಸ ಸೇರಿದ್ರು. ಈಗ ಹೊಸ ಅಧಿಕಾರಿ ಬಂದು ಏನ್ ಸಹಾಯ ಬೇಕು ಅಂತ ಕೇಳ್ತಿದಾರೆ. ಏನ್ ಕೇಳ್ಬೇಕು ಅಂತಾನೇ ನಂಗೆ ಗೊತ್ತಾಗ್ತಿಲ್ಲ.

ಉತ್ತರ: ಪಟ್ಟಿ ಬೇಡ ಅಂತ ಮೊದಲು ಹೇಳಿ. ‘ಮೂರೇ ಜನ ಸಾಕು, ಆದ್ರೆ ಅವ್ರ ಜೊತೆ ನೀವು ಮಾತಾಡಿರ್ಬೇಕು, ಕೆಲ್ಸ ಏನು, ಶಿಫ್ಟ್ ಏನು, ಸಂಬಳ ಎಷ್ಟು ಅಂತ ಅವ್ರಿಗೆ ಗೊತ್ತಿದ್ದು ಬರ್ಬೇಕು’ ಅಂತ ಆ ಅಧಿಕಾರಿಗೆ ಅನ್ನಿ. ಭಾರತದಲ್ಲಿ 1959ರ ಕಾಯ್ದೆಯಲ್ಲಿ 25 ಅಥವಾ ಹೆಚ್ಚು ಜನ ಇರೋ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನ ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸ್ಬೇಕು ಅಂತ ಇತ್ತು, ಅಲ್ಲಿಂದಲೇ ಜನ ತಗೋಬೇಕು ಅಂತ ಮಾತ್ರ ಇರ್ಲಿಲ್ಲ. ತಿಳಿಸೋದೇ ಒಂದು ಕಾಗದದ ಕೆಲ್ಸ ಆದಾಗ ಆ ಕಡೆಯಿಂದ ಬರೋದೂ ಕಾಗದವೇ. ನಿಮ್ಮ ಅನುಭವ ಅದೇ. ಕಾನೂನಿನಿಂದ ತಿಳುವಳಿಕೆ ಪತ್ರ ತರಿಸ್ಬಹುದು, ನಂಬಿಕೆ ತರ್ಸೋಕಾಗಲ್ಲ, ಅದಕ್ಕೆ ಮನುಷ್ಯರೇ ಬರ್ಬೇಕು. ಈಗ ಒಬ್ರು ಬಂದಿದಾರಲ್ಲ, ಅವ್ರನ್ನ ಆಫೀಸ್ ರೂಮಲ್ಲಿ ಕೂರ್ಸಿ ಟೀ ಕೊಟ್ಟು ಕಳಿಸ್ಬೇಡಿ, ಮೆಷಿನ್ ಹತ್ರ ಕರ್ಕೊಂಡು ಹೋಗಿ.

ಅಲ್ಲಿ ಅವ್ರಿಗೆ ಎರಡು ವಿಷ್ಯ ಮುಚ್ಚಿಡ್ದೇ ಹೇಳಿ. ಒಂದು, ಕಳೆದ ವರ್ಷ ಯಾರ್ಯಾರು ಬಿಟ್ರು, ಯಾಕೆ ಬಿಟ್ರು. ಇದನ್ನ ಹೇಳೋಕೆ ಮಾಲೀಕರಿಗೆ ಸಂಕೋಚ ಆಗತ್ತೆ, ಆದ್ರೆ ಮುಚ್ಚಿಟ್ರೆ ಡಾಕ್ಟರ್ ಹತ್ರ ಹೋಗಿ ನೋವು ಎಲ್ಲಿದೆ ಅಂತ ಹೇಳ್ದೇ ಇದ್ದ ಹಾಗೆ ಆಗತ್ತೆ. ಇನ್ನೊಂದು, ಮುಂದಿನ ಎರಡು ವರ್ಷದಲ್ಲಿ ಯಾರು ರಿಟೈರ್ ಆಗ್ತಾರೆ, ಯಾವ ಹೊಸ ಮೆಷಿನ್ ಬರತ್ತೆ. ಇವತ್ತು ಒಬ್ಬ ಫಿಟ್ಟರ್ ಬೇಕು ಅಂದ್ರೆ ಇವತ್ತೇ ಸಿಗೋದು ಕಷ್ಟ, ಆದ್ರೆ ಒಂದೂವರೆ ವರ್ಷ ಮುಂಚೆ ಹೇಳಿದ್ರೆ ಪಕ್ಕದ ತರಬೇತಿ ಸಂಸ್ಥೆ ಜೊತೆ ಮಾತಾಡಿ ಒಬ್ಬ ಅಪ್ರೆಂಟಿಸ್‌ನ ನಿಮ್ಮ ಹಳೇ ಫಿಟ್ಟರ್ ಕೈ ಕೆಳಗೇ ಬೆಳೆಸ್ಬಹುದು, ಅವ್ರು ರಿಟೈರ್ ಆಗೋ ಹೊತ್ತಿಗೆ ಹುಡುಗ ರೆಡಿ ಇರ್ತಾನೆ. ನಿಮ್ಮಂಥ ಐದಾರು ಸಣ್ಣ ಫ್ಯಾಕ್ಟರಿಗಳಿಗೆ ಒಂದೇ ಥರದ ಜನ ಬೇಕಿದ್ರೆ ಎಲ್ರನ್ನೂ ಒಂದು ಕಡೆ ಸೇರ್ಸಿ ಒಂದು ಬ್ಯಾಚ್ ತರಬೇತಿ ಮಾಡ್ಸೋದೂ ಈ ಅಧಿಕಾರಿ ಕೈಲಿ ಆಗೋ ಕೆಲ್ಸ, ಒಬ್ರೇ ಕೇಳಿದ್ರೆ ಯಾವ ಸಂಸ್ಥೆನೂ ಒಬ್ಬ ವಿದ್ಯಾರ್ಥಿಗೆ ಕ್ಲಾಸ್ ತೆಗ್ಯಲ್ಲ.

ಮತ್ತೆ ಒಂದು ಮಾತು, ವ್ಯಾಪಾರ ಕೆಟ್ಟು ಜನರನ್ನ ತೆಗೀಬೇಕಾದ ಪರಿಸ್ಥಿತಿ ಬಂದ್ರೂ ಇವ್ರಿಗೇ ಮೊದಲು ಫೋನ್ ಮಾಡಿ. ಅಮೆರಿಕದಲ್ಲಿ 1988ರ ಕಾಯ್ದೆ ಪ್ರಕಾರ 100 ಅಥವಾ ಹೆಚ್ಚು ಜನ ಇರೋ ಕಂಪ್ನಿಗಳು ದೊಡ್ಡ ಪ್ರಮಾಣದಲ್ಲಿ ಜನ ತೆಗೀಬೇಕಾದ್ರೆ 60 ದಿನ ಮುಂಚೆ ನೋಟಿಸ್ ಕೊಡ್ಬೇಕು, ಆ ನೋಟಿಸ್ ಸಿಕ್ಕ ತಕ್ಷಣ ಉದ್ಯೋಗ ಸೇವೆಯ ತಂಡ ಫ್ಯಾಕ್ಟರಿಗೇ ಹೋಗಿ ಕಾರ್ಮಿಕರ ಜೊತೆ ಕೂತ್ಕೊಳ್ಳತ್ತೆ. ನಿಮ್ಮಂಥ ಸಣ್ಣವ್ರಿಗೆ ಅಂಥ ಕಟ್ಟುಪಾಡು ಇಲ್ದೇ ಇರ್ಬಹುದು, ಆದ್ರೆ ಎರಡು ತಿಂಗ್ಳು ಮುಂಚೆ ಗೊತ್ತಾದ್ರೆ ನಿಮ್ಮ ಎಂಟು ಜನರನ್ನ ಜನ ಸಿಗ್ದೇ ಒದ್ದಾಡ್ತಿರೋ ಇನ್ನೊಂದು ಫ್ಯಾಕ್ಟರಿಗೆ ಸೇರ್ಸೋಕೆ ಟೈಮ್ ಸಿಗತ್ತೆ, ಅವ್ರು ಒಂದು ದಿನವೂ ಮನೇಲಿ ಕೂರೋ ಹಾಗಾಗಲ್ಲ.

ಪ್ರಶ್ನೆ: ಇಂಥ ಹುದ್ದೆಗೆ ನಮ್ಮಲ್ಲಿ ಅರ್ಜಿ ಕರ್ದಿದಾರೆ. ನಾನು ಎಂಟು ವರ್ಷ ಸೇಲ್ಸಲ್ಲಿ ಇದ್ದೆ, ಸರ್ಕಾರಿ ಕೆಲ್ಸದ ಅನುಭವ ಇಲ್ಲ. ಅರ್ಜಿ ಹಾಕ್ಲಾ ಮೇಡಂ/ಸರ್?

ಉತ್ತರ: ಹಾಕಿ. ಸೇಲ್ಸಿನವ್ರಿಗೆ ಎರಡು ಗುಣ ಚೆನ್ನಾಗಿ ಬಂದಿರತ್ತೆ, ಬೇಡ ಅಂದ್ರೂ ಮತ್ತೆ ಹೋಗೋದು, ಫಾಲೋಅಪ್ ಮರೀದೇ ಇರೋದು. ಈ ಕೆಲ್ಸಕ್ಕೆ ಎರಡೂ ಬೇಕು. ಬಿಡ್ಬೇಕಾದ ಅಭ್ಯಾಸ ಒಂದಿದೆ, ಗಿರಾಕಿ ಕೇಳಿದ್ದಕ್ಕೆ ಹೂಂ ಅನ್ನೋದು. ಇಲ್ಲಿ ನೀವು ಹೂಂ ಅಂದ್ರೆ ಅದ್ರ ಪರಿಣಾಮ ಅನುಭವಿಸೋದು ಕೆಲ್ಸಕ್ಕೆ ಹೋದ ಮನುಷ್ಯ, ಅವ್ರು ಇದ್ದ ಸಣ್ಣ ಕೆಲ್ಸ ಬಿಟ್ಟು ನಿಮ್ಮ ಮಾತು ನಂಬಿ ಹೋಗಿರ್ತಾರೆ.

ಸಂದರ್ಶನಕ್ಕೆ ಹೋಗೋ ಮುಂಚೆ ಆ ಪ್ರದೇಶದಲ್ಲಿ ಯಾವ ಉದ್ಯಮ ಜಾಸ್ತಿ ಇದೆ, ಯಾವ ಶಿಫ್ಟಲ್ಲಿ ಜನ ಸಿಗ್ತಿಲ್ಲ ಅಂತ ನಾಲ್ಕು ಕಡೆ ಕೇಳಿ ತಿಳ್ಕೊಳ್ಳಿ. ಎಚ್‌ಆರ್ ಹತ್ರ ಮಾತ್ರ ಅಲ್ಲ, ಗೇಟ್ ಎದುರಿನ ಟೀ ಅಂಗಡಿಯಲ್ಲೂ ಕೇಳಿ. ಕಾರ್ಮಿಕ ಕಾನೂನು, ವೇತನ, ಕೆಲ್ಸದ ವೇಳೆ, ಅಪ್ರೆಂಟಿಸ್ ನಿಯಮ ಇಷ್ಟು ಓದ್ಕೊಂಡು ಹೋಗಿ. ಸಂದರ್ಶನದಲ್ಲಿ ನೀವೂ ಅವ್ರನ್ನ ಕೇಳಿ: ಒಬ್ಬ ಮಾಲೀಕರು ಇವತ್ತು ಫೋನ್ ಮಾಡಿದ್ರೆ ಎಷ್ಟು ದಿನದೊಳಗೆ ಉತ್ತರ ಕೊಡೋ ಅಧಿಕಾರ ನನಗಿರತ್ತೆ? ತರಬೇತಿ ದುಡ್ಡಿಗೆ ಯಾರ ಸಹಿ ಬೇಕು? ಹಿಂದೆ ಈ ಕೆಲ್ಸ ಮಾಡ್ತಿದ್ದವ್ರು ಬರೆದಿಟ್ಟ ಮಾಹಿತಿ ಇದೆಯಾ? ಮೂರಕ್ಕೂ ಅವ್ರು ತಡವರಿಸಿದ್ರೆ ಅರ್ಜಿ ವಾಪಸ್ ತಗೋಬೇಕು ಅಂತಿಲ್ಲ, ಆದ್ರೆ ಸೇರಿದ ಮೊದಲ ತಿಂಗ್ಳು ಕಂಪ್ನಿಗಳ ಕಡೆ ಹೋಗೋಕಿಂತ ಮುಂಚೆ ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ.